ಎರಡನೇ ಚರಣಕ್ಕೆ ಮುಂಚೆ

ಬೆಳಿಗ್ಗೆ ಆರೂವರೆಗೆ ಹಾಸನ ನನ್ನ ಮಾತು ಕೇಳುತ್ತದೆ.
ಹಸಿ ಕಸ ಬೇರೆ, ಒಣ ಕಸ ಬೇರೆ,
ದಯವಿಟ್ಟು ಗಾಡಿಗೇ ಹಾಕಿ ಎಂದು
ಸಾಲಗಾಮೆ ರಸ್ತೆಯ ಉದ್ದಕ್ಕೂ ನಾನೇ.
ಬಕೆಟ್ಟು ಹಿಡಿದು ಹೆಂಗಸರು ಹೊರಗೆ ಬರುತ್ತಾರೆ,
ನೈಟಿಯ ಮೇಲೊಂದು ಟವೆಲ್ಲು ಹೊದ್ದು.
ಇಷ್ಟು ಜನ ಯಾವ ಸ್ಟೇಜಿಗೂ ಎದ್ದು ಬಂದಿರಲಿಲ್ಲ.

ಓದಿದ್ದು ಒಂದೇ ಸಲ. ಎಂಟುನೂರು ರೂಪಾಯಿ.
ಗಾಡಿ ಮೂರು ವರ್ಷದಿಂದ ಹೇಳುತ್ತಲೇ ಇದೆ.

ಅಪ್ಪ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೊನೆಟ್.
ಕೆಂಪು ಕೋಟು, ಭುಜದಲ್ಲಿ ಉದುರಿದ ಜರಿ.
ಊದುವವನ ಮುಖ ಯಾರೂ ನೋಡಲ್ಲ ರಂಗಮಣಿ,
ಕುದುರೆ ಮೇಲಿರೋನ್ನ ನೋಡ್ತಾರೆ, ಅನ್ನುತ್ತಿದ್ದ.
ಉಸಿರು ಕಳ್ಳನ ಥರ ಒಳಗೆ ಬರಬೇಕು,
ಬಂದದ್ದು ಮನೆಯವರಿಗೂ ಗೊತ್ತಾಗಬಾರದು.
ಅವನು ಕಲಿಸಿದ ಸಂಗೀತ ಅಷ್ಟೇ.

ಆರ್ಕೆಸ್ಟ್ರಾ ಮಾಲೀಕ ಮೊದಲು ತೆಗೆದದ್ದು ಹೆಸರು.
ರಂಗಮಣಿ ಅಂದರೆ ಪೋಸ್ಟರೇ ಮುದುಕಿಯಾಗುತ್ತೆ ಅಂದ.
ಅನ್ವಿತಾ ಆದೆ.
ಗಣಪತಿ ಪೆಂಡಾಲು, ಕಬಡ್ಡಿ ಪಂದ್ಯ, ಯಾರದೋ ಹುಟ್ಟುಹಬ್ಬ;
ರಾತ್ರಿ ಎರಡಕ್ಕೆ ಟೆಂಪೋದಲ್ಲಿ
ಸ್ಪೀಕರುಗಳ ನಡುವೆ ಮುದುರಿ ಮಲಗಿದರೆ
ಕೀಬೋರ್ಡಿನ ಭೂಷಿಯ ತೋಳೇ ದಿಂಬು.
ನಿದ್ದೆಯಲ್ಲೂ ಅವನ ಬೆರಳು
ನನ್ನ ಬೆನ್ನ ಮೇಲೆ ಸ್ವರ ತಡಕುತ್ತಿತ್ತು.
ಅದನ್ನು ಪ್ರೀತಿ ಅಂದುಕೊಂಡೆ. ಇರಲೂಬಹುದು.
ತಪ್ಪು ಲೆಕ್ಕಕ್ಕೂ ಒಮ್ಮೊಮ್ಮೆ ಸರಿಯುತ್ತರ ಬರುತ್ತದೆ.

ಸಿನಿಮಾದವರ ಜೊತೆ ಸೇರಿದ ಅವನು ಫೋನು ಮಾಡಿದ:
ಬಾ, ನಿನ್ನ ಗಂಟಲಿಗೇ ಅಳತೆ ಕೊಟ್ಟು ಹೊಲಿಸಿದಂಥ ಹಾಡು.
ಅಮ್ಮನ ಎರಡೆಳೆ ಸರ
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಗಿರವಿಗೆ ಹೋಯಿತು.
ಪಿ.ಜಿ. ಅಡ್ವಾನ್ಸು, ಎರಡು ಒಳ್ಳೆ ಚೂಡಿದಾರ,
ಮ್ಯಾನೇಜರನಿಗೆ ಹಣ್ಣಿನ ಬುಟ್ಟಿ.
(ಹಣ್ಣಿನ ಕೆಳಗೊಂದು ಕವರು.)

ಗಾಜಿನ ಕೋಣೆ. ನಡುಗಿಸುವ ಎಸಿ. ನಾಲ್ಕು ಗಂಟೆ ಹಾಡಿದೆ.
ಅದು ಬರೀ ಟ್ರ್ಯಾಕ್ ಎಂದು ಆಮೇಲೆ ತಿಳಿಯಿತು.
ದೊಡ್ಡ ಗಾಯಕಿ ಬಂದು ಕೂರುವ ತನಕ
ಕಿಟಕಿಯಿಂದ ಬಸ್ಸಿನ ಸೀಟಿಗೆ ಎಸೆದಿಟ್ಟ
ಕರ್ಚೀಪು, ನಾನು.

ಭೂಷಿಗೆ ಮೊದಲೇ ಗೊತ್ತಿತ್ತು.
ತನ್ನ ಮದುವೆಗೆ ಛತ್ರ ಗೊತ್ತಾಗಿದ್ದೂ ಗೊತ್ತಿತ್ತು.
ಎರಡನ್ನೂ ಒಂದೇ ದಿನ ಹೇಳಿದ, ಕಾಫಿ ಕೊಡಿಸಿ.
ಸಕ್ಕರೆ ಸಾಲದು ಅಂದೆ.
ಬೇರೇನೂ ಅನ್ನಲಿಲ್ಲ.

ಹಾಡು ಹಿಟ್ಟಾಯಿತು.
ಚನ್ನರಾಯಪಟ್ಟಣದ ಬಸ್ಸಲ್ಲಿ, ಬ್ಯೂಟಿ ಪಾರ್ಲರಲ್ಲಿ,
ಕಾಲೇಜು ಹುಡುಗಿಯರ ಅಂಗೈ ಫೋನಲ್ಲಿ.
ಬರಿಗತ್ತನ್ನು ಸೆರಗಲ್ಲಿ ಮುಚ್ಚಿ ಮದುವೆಗೆ ಹೋಗುವುದನ್ನು
ಅಮ್ಮ ಅಷ್ಟರಲ್ಲಿ ಕಲಿತಿದ್ದಳು.
ಅಪ್ಪನಿಗೆ ಮಾತ್ರ ನಾನು ಏನೂ ಹೇಳಿರಲಿಲ್ಲ.

ಹೋದ ಶ್ರಾವಣ, ಹಳೇ ಬಸ್‌ಸ್ಟ್ಯಾಂಡಿನ ಟೀ ಅಂಗಡಿ.
ಅಪ್ಪನಿಗೀಗ ಎಡಗಿವಿ ಇಲ್ಲ,
ಮುಂದಿನ ಹಲ್ಲು ಹೋಗಿ ಕ್ಲಾರಿಯೊನೆಟ್ಟೂ ಇಲ್ಲ.
ರೇಡಿಯೋದಲ್ಲಿ ಅದೇ ಹಾಡು. ಮೊದಲ ಚರಣ ಮುಗಿದು
ಕೊಳಲೋ ಏನೋ ಬಂತು, ಹೋಯಿತು.
ಬನ್ನು ಅದ್ದಿದ ಅಪ್ಪನ ಕೈ ಮೇಲೇಳಲಿಲ್ಲ.
ಬನ್ನು ಕರಗಿ ಲೋಟದ ತಳಕ್ಕಿಳಿಯಿತು.

ಇಲ್ಲಿ ಸಿಕ್ಕಿಬಿದ್ಯಲ್ಲೇ, ಅಂದ.
ಉಸಿರು ಕೇಳಿಸ್ತು.

ದನಿ ಅವಳದು, ಪೂರಾ ಅವಳದು.
ಅದರ ಮುಂಚಿನ ಅರೆಗಳಿಗೆ ನನ್ನದು.
ಭೂಷಿ ಅಳಿಸಲು ಮರೆತನೋ
ಅಳಿಸದೆ ಬಿಟ್ಟನೋ,
ಇಯರ್‌ಫೋನು ಒತ್ತಿ ಒತ್ತಿ ಎಷ್ಟೋ ರಾತ್ರಿ ಕೇಳಿದ್ದೇನೆ.
ಮರೆತಿದ್ದರೆ ಸಾಕಪ್ಪ ಅನ್ನಿಸುತ್ತದೆ.
ಬೇಕೆಂದೇ ಬಿಟ್ಟಿದ್ದರೆ
ಅದಕ್ಕೂ ನಾನೇ ಬಡ್ಡಿ ಕಟ್ಟಬೇಕು.

ಗಾಡಿ ನಮ್ಮ ಬೀದಿಗೆ ತಿರುಗಿತು.
ಅಪ್ಪ ಬಕೆಟ್ಟು ಹಿಡಿದು ಬಾಗಿಲಲ್ಲಿ,
ಬಲಗಿವಿ ರಸ್ತೆಗೆ ಕೊಟ್ಟು.
ಒಣ ಕಸ ಅನ್ನೋಕೆ ಮುಂಚೆ ಚೂರು ತಡಿಯಮ್ಮ,
ಅನ್ನುತ್ತಾನೆ ದಿನವೂ,
ಗಾಡಿಗೆ.